ಎಚ್‌ಐವಿ ಟೆಸ್ಟ್: ಎಷ್ಟನೇ ದಿನದ ನೆಗೆಟಿವ್ ಅನ್ನು ಎಷ್ಟು ನಂಬಬಹುದು?

"ಮೂರು ವಾರ ಆಗಿತ್ತು. ಟೆಸ್ಟ್ ಮಾಡಿಸಿದೆ, ನೆಗೆಟಿವ್ ಬಂತು. ಇನ್ನು ಭಯ ಇಲ್ಲ ಅಲ್ವಾ?"

ಈ ಪ್ರಶ್ನೆಯಲ್ಲಿ ಇರಬೇಕಾದ ವಿಷಯದಲ್ಲಿ ಅರ್ಧದಷ್ಟೂ ಇಲ್ಲ. ಯಾವ ಟೆಸ್ಟ್? ರಕ್ತ ತೆಗೆದದ್ದು ತೋಳಿನ ನರದಿಂದಲೋ, ಬೆರಳ ತುದಿಯಿಂದಲೋ? ಮೂರು ವಾರ ಎಂದರೆ ಯಾವ ದಿನದಿಂದ ಎಣಿಸಿದ್ದು? ಈ ಮೂರೂ ಗೊತ್ತಿಲ್ಲದೆ "ಭಯ ಇಲ್ಲ" ಎನ್ನುವವರೂ "ಆರು ತಿಂಗಳು ಕಾಯಲೇಬೇಕು" ಎನ್ನುವವರೂ ಊಹೆಯ ಮೇಲೆಯೇ ಮಾತಾಡುತ್ತಿರುತ್ತಾರೆ. ಎಚ್‌ಐವಿ ವರದಿಯಲ್ಲಿರುವ ನೆಗೆಟಿವ್ ಎಂಬ ಪದವನ್ನು ಒಂಟಿಯಾಗಿ ಓದುವಂತಿಲ್ಲ. ದಿನ, ಟೆಸ್ಟಿನ ಬಗೆ, ಮಾದರಿ ತೆಗೆದ ರೀತಿ ಮೂರನ್ನೂ ಪಕ್ಕದಲ್ಲಿಟ್ಟುಕೊಂಡು ಓದಿದರೆ ಮಾತ್ರ ಅದಕ್ಕೆ ಬೆಲೆ. ಹಾಗೆ ಓದುವುದು ಹೇಗೆಂದು ಮುಂದೆ ಒಂದೊಂದೇ ಹಂತವಾಗಿ ಬರೆದಿದ್ದೇನೆ.

ಹಂತ 1: ಘಟನೆ ನಡೆದು 72 ಗಂಟೆ ದಾಟಿಲ್ಲವೇ? ಟೆಸ್ಟ್ ಆಮೇಲೆ, ಮೊದಲು ಔಷಧ

ಕಾಂಡೋಮ್ ಹರಿದು ಇನ್ನೂ ಒಂದು ದಿನವೋ ಎರಡು ದಿನವೋ ಆಗಿದ್ದರೆ, ಅಥವಾ ಬಳಸಿದ ಸೂಜಿ ಚುಚ್ಚಿದ್ದು ಇಂದು ಬೆಳಿಗ್ಗೆಯಾಗಿದ್ದರೆ, ಈ ಬರಹವನ್ನು ಇಲ್ಲಿಗೇ ನಿಲ್ಲಿಸಿ ವೈದ್ಯರ ಬಳಿ ಅಥವಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೊರಡಿ. ಅಲ್ಲಿ "ಪಿಇಪಿ ಬೇಕು" ಎಂದು ಕೇಳಿ. ವೈರಸ್ ದೇಹದಲ್ಲಿ ನೆಲೆಯೂರುವ ಮೊದಲೇ ಅದನ್ನು ತಡೆಯುವ ಔಷಧ ಇದು. ಸಾಮಾನ್ಯವಾಗಿ ಮೂರು ಔಷಧಗಳನ್ನು ಸೇರಿಸಿ 28 ದಿನ ಕೊಡುತ್ತಾರೆ. 72 ಗಂಟೆಯೊಳಗೆ ಶುರುವಾಗಬೇಕು ಎನ್ನುವುದು ಹೊರಗಿನ ಗಡಿ ಅಷ್ಟೇ. ಮೂರನೇ ದಿನಕ್ಕಿಂತ ಎರಡನೇ ದಿನ ಮೇಲು, ಎರಡನೇ ದಿನಕ್ಕಿಂತ ಮೊದಲ ಕೆಲವು ಗಂಟೆಗಳು ಮೇಲು.

ಪಿಇಪಿ ಶುರುಮಾಡುವಾಗ ಎಚ್‌ಐವಿ ಟೆಸ್ಟಿಗೂ ರಕ್ತ ತೆಗೆಯುತ್ತಾರೆ. ಆದರೆ ಆ ವರದಿ ಬರಲೆಂದು ಮೊದಲ ಮಾತ್ರೆಯನ್ನು ತಡಮಾಡುವುದಿಲ್ಲ. ಆ ಟೆಸ್ಟ್ ಹೇಳುವುದು ನಿನ್ನೆ ರಾತ್ರಿಯ ವಿಷಯವನ್ನಲ್ಲ, ಅದಕ್ಕೂ ಹಿಂದೆ ನಿಮಗೆ ಸೋಂಕು ಇತ್ತೋ ಇಲ್ಲವೋ ಎಂಬುದನ್ನು. ನಿನ್ನೆಯ ಘಟನೆಯ ಬಗ್ಗೆ ಇಂದು ಟೆಸ್ಟ್ ಮಾಡಿಸುವುದೆಂದರೆ, ಬಿತ್ತಿದ ಮರುದಿನವೇ ಹೊಲಕ್ಕೆ ಹೋಗಿ ಪೈರು ಕಾಣಲಿಲ್ಲ ಎಂದು ಬರುವ ಹಾಗೆ.

ಹಂತ 2: ದಿನಾಂಕ ಬರೆದಿಡಿ, ಎಣಿಕೆ ಅಲ್ಲಿಂದಲೇ

ಘಟನೆ ನಡೆದ ದಿನವನ್ನು ಸೊನ್ನೆಯೆಂದು ಹಿಡಿದು ಎಣಿಸಿ. ಒಂದಕ್ಕಿಂತ ಹೆಚ್ಚು ಸಲ ಅಪಾಯಕ್ಕೆ ಒಡ್ಡಿಕೊಂಡಿದ್ದರೆ ಕೊನೆಯದ್ದೇ ಲೆಕ್ಕಕ್ಕೆ. ಸುಲಭವಾಗಿ ಕಂಡರೂ ಜನ ಎಡವುವುದು ಇಲ್ಲಿಯೇ. ಮೊದಲ ಘಟನೆಯಿಂದ 45 ದಿನ ಎಣಿಸಿರುತ್ತಾರೆ, ನಡುವೆ ಇನ್ನೊಮ್ಮೆ ನಡೆದದ್ದನ್ನು ಮರೆತಿರುತ್ತಾರೆ. ಮನಸ್ಸು ಕಲಕಿದಾಗ ವಾರದ ಲೆಕ್ಕ ಹೇಗೂ ತಪ್ಪುತ್ತದೆ. ನೆನಪನ್ನು ನಂಬಿ ಕೂರದೆ ಫೋನಿನಲ್ಲಿ ಗುರುತು ಹಾಕಿಕೊಳ್ಳಿ.

ಎಣಿಸುವಂಥ ಘಟನೆ ನಡೆದಿದೆಯೇ ಎಂಬುದನ್ನೂ ಜೊತೆಗೇ ನೋಡಿ. ಒಂದೇ ತಟ್ಟೆಯಲ್ಲಿ ಉಂಡದ್ದು, ತಬ್ಬಿಕೊಂಡದ್ದು, ಸಾಮಾನ್ಯ ಮುತ್ತು, ಸೊಳ್ಳೆ ಕಡಿತ, ಶೌಚಾಲಯದ ಆಸನ ಯಾವುವೂ ಎಚ್‌ಐವಿ ಹರಡುವ ದಾರಿಗಳಲ್ಲ. ಇವುಗಳಿಗಾಗಿ ಟೆಸ್ಟ್ ಮಾಡಿಸುವ ಅಗತ್ಯವಿಲ್ಲ.

ಇರುವ ಅಪಾಯದ ಪ್ರಮಾಣವೂ ಗೊತ್ತಿದ್ದರೆ ಒಳ್ಳೆಯದು. ಸಂಗಾತಿಗೆ ಸೋಂಕು ಇದೆ, ಚಿಕಿತ್ಸೆ ತೆಗೆದುಕೊಳ್ಳುತ್ತಿಲ್ಲ, ಕಾಂಡೋಮ್ ಕೂಡ ಇಲ್ಲ ಎಂದಿಟ್ಟುಕೊಂಡು ಮಾಡಿದ ಅಂದಾಜುಗಳಿವು: ಗುದ ಸಂಭೋಗದಲ್ಲಿ ಒಳಗೊಳ್ಳುವ ವ್ಯಕ್ತಿಗೆ 10,000 ಸಲಕ್ಕೆ ಸುಮಾರು 138 ಬಾರಿ ಸೋಂಕು ತಗಲಬಹುದು, ಯೋನಿ ಸಂಭೋಗದಲ್ಲಿ ಹೆಣ್ಣಿಗೆ 8, ಗಂಡಿಗೆ 4, ಬಳಸಿದ ಸೂಜಿ ಹಂಚಿಕೊಂಡು ಚುಚ್ಚಿಕೊಂಡರೆ 63, ಆಸ್ಪತ್ರೆ ಕೆಲಸದಲ್ಲಿ ಆಕಸ್ಮಿಕವಾಗಿ ಸೂಜಿ ಚುಚ್ಚಿದರೆ 23. ಲೈಂಗಿಕ ರೋಗದ ಹುಣ್ಣು ಇದ್ದರೆ, ಅಥವಾ ಎದುರಿನವರಿಗೆ ಸೋಂಕು ತೀರಾ ಹೊಸದಾಗಿದ್ದರೆ ಈ ಸಂಖ್ಯೆಗಳು ಏರುತ್ತವೆ. ಎದುರಿನವರು ಕ್ರಮವಾಗಿ ಚಿಕಿತ್ಸೆಯಲ್ಲಿದ್ದು ಅವರ ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್ಸಿನ ಪ್ರಮಾಣ, ಟೆಸ್ಟಿಗೆ ಸಿಗದಷ್ಟು ಇಳಿದಿದ್ದರೆ ಲೈಂಗಿಕ ಸಂಪರ್ಕದಿಂದ ಸೋಂಕು ದಾಟುವುದಿಲ್ಲ.

ಈ ಸಂಖ್ಯೆಗಳನ್ನು ಧೈರ್ಯ ತುಂಬಲೆಂದು ಕೊಟ್ಟದ್ದಲ್ಲ. ಬೇಗ ಮಾಡಿಸಿದ ಟೆಸ್ಟನ್ನು ಎಷ್ಟು ನಂಬಬಹುದೆಂಬ ಲೆಕ್ಕಕ್ಕೆ ಮುಂದೆ ಇವು ಬೇಕು.

ಹಂತ 3: ರಕ್ತದಲ್ಲಿ ಯಾವಾಗ ಏನು ಕಾಣಿಸುತ್ತದೆ?

ಎಚ್‌ಐವಿ ಒಳಹೊಕ್ಕ ಮೊದಲ ದಿನಗಳಲ್ಲಿ ಹೊಕ್ಕ ಜಾಗದ ಅಂಗಾಂಶದಲ್ಲಿ, ಹತ್ತಿರದ ದುಗ್ಧಗ್ರಂಥಿಗಳಲ್ಲಿ ಬೆಳೆಯುತ್ತಿರುತ್ತದೆ. ಸುಮಾರು 10 ದಿನ ರಕ್ತದಲ್ಲಿ ಯಾವ ಟೆಸ್ಟಿಗೂ ಅದರ ಸುಳಿವು ಸಿಗುವುದಿಲ್ಲ. ಇದನ್ನು ಎಕ್ಲಿಪ್ಸ್ ಅವಧಿ ಎನ್ನುತ್ತಾರೆ. ಎಷ್ಟೇ ದುಬಾರಿ ಟೆಸ್ಟ್ ಮಾಡಿಸಿದರೂ ಈ ದಿನಗಳ ಉತ್ತರ ನೆಗೆಟಿವ್ ಆಗಿಯೇ ಬರುತ್ತದೆ.

ಆಮೇಲೆ ಮೂರು ಗುರುತುಗಳು ಒಂದರ ಹಿಂದೊಂದು ರಕ್ತದಲ್ಲಿ ಕಾಣಿಸಿಕೊಳ್ಳುತ್ತವೆ. ಮೊದಲು ವೈರಸ್ಸಿನ ಆರ್‌ಎನ್‌ಎ, ಅಂದರೆ ಅದರ ಆನುವಂಶಿಕ ವಸ್ತು. ಅದು ಶರವೇಗದಲ್ಲಿ ಏರುತ್ತದೆ. ಅದಾದ ಸುಮಾರು ಒಂದು ವಾರಕ್ಕೆ ವೈರಸ್ಸಿನ ಒಳಕವಚದ ಪ್ರೋಟೀನ್ ಆದ ಪಿ24 ಆಂಟಿಜೆನ್ ಅಳತೆಗೆ ಸಿಗುವಷ್ಟಾಗುತ್ತದೆ. ಇನ್ನೂ ಕೆಲವು ದಿನ ಕಳೆದ ಮೇಲೆ ನಮ್ಮ ದೇಹವೇ ತಯಾರಿಸುವ ಆಂಟಿಬಾಡಿ, ಅಂದರೆ ಪ್ರತಿಕಾಯ, ಬರುತ್ತದೆ. ಅದರಲ್ಲೂ ಮೊದಲು ಐಜಿಎಂ ಎಂಬ ಬಗೆ, ನಂತರ ಐಜಿಜಿ ಎಂಬ ಬಗೆ. ಪಿ24 ಆಮೇಲೆ ಹಾಗೆಯೇ ಉಳಿಯುವುದಿಲ್ಲ. ಪ್ರತಿಕಾಯಗಳು ಅದಕ್ಕೆ ಅಂಟಿಕೊಂಡು ಅದು ಅಳತೆಯಿಂದ ಮರೆಯಾಗುತ್ತದೆ. ಆದ್ದರಿಂದ ಪಿ24 ಒಂದನ್ನೇ ಹುಡುಕುವ ಟೆಸ್ಟ್ ಕೆಲವು ವಾರ ಕಳೆದ ಮೇಲೆ ಕೈಕೊಡುತ್ತದೆ. ಪಿ24 ಮತ್ತು ಪ್ರತಿಕಾಯ ಎರಡನ್ನೂ ಒಟ್ಟಿಗೆ ಹುಡುಕುವ ಟೆಸ್ಟ್ ಎರಡೂ ಹೊತ್ತಿಗೆ ಆಗಿಬರುತ್ತದೆ.

ಸೋಂಕು ತಗಲಿದ ದಿನದಿಂದ ಟೆಸ್ಟಿನಲ್ಲಿ ಅದು ಕಾಣಿಸುವ ದಿನದವರೆಗಿನ ಅಂತರಕ್ಕೆ ವಿಂಡೋ ಪೀರಿಯಡ್ ಎಂದು ಹೆಸರು. ನಿಮ್ಮ ಟೆಸ್ಟ್ ಮೂರು ಗುರುತುಗಳಲ್ಲಿ ಯಾವುದನ್ನು ಹುಡುಕುತ್ತದೆ ಎಂಬುದರ ಮೇಲೆ ಈ ಅಂತರ ಉದ್ದವೋ ಗಿಡ್ಡವೋ ಆಗುತ್ತದೆ. ಜನರ ದೇಹವೂ ಒಂದೇ ತರಹ ಇರುವುದಿಲ್ಲ. ಒಬ್ಬರಲ್ಲಿ 16ನೇ ದಿನಕ್ಕೆ ಕಂಡದ್ದು ಇನ್ನೊಬ್ಬರಲ್ಲಿ 40ನೇ ದಿನಕ್ಕೆ ಕಾಣಬಹುದು.

ಹಂತ 4: ನಿಮ್ಮ ಟೆಸ್ಟ್ ಯಾವ ಬಗೆಯದು ಎಂದು ಕೇಳಿ ತಿಳಿಯಿರಿ

ಲ್ಯಾಬಿನ ಕೌಂಟರಿನಲ್ಲಿ "ಎಚ್‌ಐವಿ ಟೆಸ್ಟ್" ಎಂದಷ್ಟೇ ಹೇಳಿದರೆ ಯಾವುದನ್ನು ಮಾಡುತ್ತಾರೋ ಗೊತ್ತಾಗುವುದಿಲ್ಲ. ಎರಡು ಪ್ರಶ್ನೆ ಕೇಳಿ. ಇದು ಪಿ24 ಆಂಟಿಜೆನ್ನನ್ನೂ ನೋಡುತ್ತದೆಯೇ, ಬರೀ ಆಂಟಿಬಾಡಿಯನ್ನೇ? ರಕ್ತವನ್ನು ನರದಿಂದ ತೆಗೆದು ಯಂತ್ರದಲ್ಲಿ ಪರೀಕ್ಷಿಸುತ್ತೀರೋ, ಬೆರಳು ಚುಚ್ಚಿ ಕಾರ್ಡಿನ ಮೇಲೆ ಹಾಕುತ್ತೀರೋ? ಕೇಳಲು ಮುಜುಗರ ಬೇಡ, ಲ್ಯಾಬಿನವರಿಗೆ ಇವು ದಿನನಿತ್ಯದ ಪ್ರಶ್ನೆಗಳು. ವರದಿ ಈಗಾಗಲೇ ಕೈಯಲ್ಲಿದ್ದರೆ ಅದರಲ್ಲಿ ಟೆಸ್ಟಿನ ವಿಧಾನ ಎಂದು ಬರೆದಿರುವ ಸಾಲನ್ನು ನೋಡಿ. "ಫೋರ್ತ್ ಜನರೇಷನ್", "ಆಂಟಿಜೆನ್ ಆಂಟಿಬಾಡಿ ಕಾಂಬೋ" ಎಂಬಂಥ ಪದಗಳಿದ್ದರೆ ಎರಡನ್ನೂ ನೋಡಿದ್ದಾರೆ ಎಂದರ್ಥ. ಎಲಿಸಾ (ಲ್ಯಾಬಿನಲ್ಲಿ ಪರೀಕ್ಷಿಸುವ ಒಂದು ವಿಧಾನ) ಎಂದು ಮಾತ್ರ ಇದ್ದರೆ ಅಷ್ಟಕ್ಕೇ ಏನನ್ನೂ ಹೇಳಲಾಗದು. ಎಲಿಸಾದಲ್ಲಿ ಮೂರನೇ ತಲೆಮಾರಿನದೂ ಇದೆ, ನಾಲ್ಕನೆಯದೂ ಇದೆ.

ಈ ತಲೆಮಾರುಗಳ ಕತೆ ತಿಳಿದರೆ "ಆರು ತಿಂಗಳು ಕಾಯಿರಿ" ಎಂಬ ಹಳೆಯ ಮಾತು ಎಲ್ಲಿಂದ ಬಂತೆಂದೂ ತಿಳಿಯುತ್ತದೆ. ಎಚ್‌ಐವಿ ಪತ್ತೆಯಾದದ್ದು 1983ರಲ್ಲಿ. ರಕ್ತ ಪರೀಕ್ಷೆಗೆ ಅಮೆರಿಕದಲ್ಲಿ ಮೊದಲ ಪರವಾನಗಿ ಸಿಕ್ಕಿದ್ದು 1985ರಲ್ಲಿ. ಆ ಕಾಲದ ಟೆಸ್ಟುಗಳು ಐಜಿಜಿ ಪ್ರತಿಕಾಯವನ್ನು ಮಾತ್ರ ಹಿಡಿಯುತ್ತಿದ್ದವು. ಅದಕ್ಕೆ ವಾರಗಟ್ಟಲೆ ಕಾಯಬೇಕಿತ್ತು, ಕೆಲವರಲ್ಲಿ ತಿಂಗಳುಗಟ್ಟಲೆ. ಹಾಗಾಗಿ ಆರು ತಿಂಗಳ ಎಚ್ಚರಿಕೆ ಆ ಟೆಸ್ಟುಗಳಿಗೆ ಸರಿಯಾಗಿಯೇ ಇತ್ತು. 1990ರ ದಶಕದಲ್ಲಿ ಐಜಿಎಂ ಅನ್ನೂ ಹಿಡಿಯುವ ಮೂರನೇ ತಲೆಮಾರು ಬಂತು. ಆಮೇಲೆ ಪಿ24 ಅನ್ನೂ ಸೇರಿಸಿಕೊಂಡ ನಾಲ್ಕನೇ ತಲೆಮಾರು ಯುರೋಪಿನಲ್ಲಿ ಬಳಕೆಗೆ ಬಂದು, 2010ರಲ್ಲಿ ಅಮೆರಿಕದಲ್ಲೂ ಅನುಮತಿ ಪಡೆಯಿತು. ಟೆಸ್ಟುಗಳು ಬದಲಾದವು, ಬಾಯಿಂದ ಬಾಯಿಗೆ ಬಂದ ಸಲಹೆ ಮಾತ್ರ ಇದ್ದಲ್ಲೇ ಉಳಿಯಿತು.

ಮನೆಯಲ್ಲೇ ಮಾಡಿಕೊಳ್ಳುವ ಕಿಟ್‌ಗಳ ಬಗ್ಗೆ ಒಂದು ಮಾತು. ಗುಟ್ಟಾಗಿ ಮಾಡಿಕೊಳ್ಳಬಹುದು ಎನ್ನುವುದು ಅವುಗಳ ದೊಡ್ಡ ಅನುಕೂಲ. ವಿಶ್ವ ಆರೋಗ್ಯ ಸಂಸ್ಥೆಯೂ 2016ರಿಂದ ಸ್ವಯಂ ಪರೀಕ್ಷೆಯನ್ನು ಶಿಫಾರಸು ಮಾಡುತ್ತಿದೆ. ಆದರೆ ಒಸಡಿಗೆ ಸವರಿ ನೋಡುವ ಕಿಟ್ ಬಾಯಿಯ ದ್ರವದಲ್ಲಿರುವ ಪ್ರತಿಕಾಯವನ್ನಷ್ಟೇ ಹುಡುಕುತ್ತದೆ. ರಕ್ತದಲ್ಲಿರುವುದಕ್ಕಿಂತ ಅಲ್ಲಿ ಅದರ ಪ್ರಮಾಣ ಕಡಿಮೆ. 2012ರಲ್ಲಿ ಇಂಥದೊಂದು ಕಿಟ್ಟನ್ನು ಮನೆಬಳಕೆಗೆ ಅನುಮತಿಸುವಾಗಲೇ ಅಲ್ಲಿ ಔಷಧ, ಟೆಸ್ಟುಗಳಿಗೆ ಅನುಮತಿ ಕೊಡುವ ಅಮೆರಿಕದ ಸಂಸ್ಥೆ ಎಫ್‌ಡಿಎ ಒಂದು ಎಚ್ಚರಿಕೆ ಕೊಟ್ಟಿತ್ತು: ಸೋಂಕಿರುವ ಪ್ರತಿ 12 ಜನರಲ್ಲಿ ಒಬ್ಬರಿಗೆ ತಪ್ಪಾಗಿ ನೆಗೆಟಿವ್ ಬರಬಹುದು. ಮೂರು ತಿಂಗಳು ಕಳೆದ ಮೇಲೆ ಬಳಸಲು ಇದು ಸರಿ. ಮೂರನೇ ವಾರದ ಆತಂಕಕ್ಕೆ ಇದರಲ್ಲಿ ಉತ್ತರ ಹುಡುಕಬೇಡಿ.

ಹಂತ 5: ದಿನ ಮತ್ತು ಟೆಸ್ಟನ್ನು ಜೋಡಿಸಿ ನೋಡಿ

ಅಮೆರಿಕದ ಸಾರ್ವಜನಿಕ ಆರೋಗ್ಯ ಸಂಸ್ಥೆ ಸಿಡಿಸಿ ಕೊಡುವ ಅವಧಿಗಳಿವು. ಎಲ್ಲವೂ ಘಟನೆ ನಡೆದ ದಿನದಿಂದ:

- ನಾಟ್, ಅಂದರೆ ಆರ್‌ಎನ್‌ಎ ಹುಡುಕುವ ಟೆಸ್ಟ್: 10ರಿಂದ 33 ದಿನ
- ನರದಿಂದ ತೆಗೆದ ರಕ್ತದಲ್ಲಿ ಲ್ಯಾಬ್ ಮಾಡುವ ಆಂಟಿಜೆನ್ ಮತ್ತು ಆಂಟಿಬಾಡಿ ಟೆಸ್ಟ್: 18ರಿಂದ 45 ದಿನ
- ಬೆರಳ ತುದಿಯ ರಕ್ತದಲ್ಲಿ ಮಾಡುವ ಅದೇ ಬಗೆಯ ರ್‍ಯಾಪಿಡ್ ಟೆಸ್ಟ್: 18ರಿಂದ 90 ದಿನ
- ಆಂಟಿಬಾಡಿ ಮಾತ್ರ ನೋಡುವ ಟೆಸ್ಟುಗಳು, ಮನೆಯ ಕಿಟ್‌ಗಳೂ ಸೇರಿ: 23ರಿಂದ 90 ದಿನ

ಈ ಪಟ್ಟಿಯನ್ನು ತಪ್ಪಾಗಿ ಓದುವವರೇ ಹೆಚ್ಚು. "18ರಿಂದ 45" ಎಂದು ಕಂಡೊಡನೆ 18ನೇ ದಿನಕ್ಕೆ ಓಡುತ್ತಾರೆ. ಮೊದಲ ಸಂಖ್ಯೆ ಹೇಳುವುದು ಟೆಸ್ಟ್ ಸೋಂಕನ್ನು ಹಿಡಿಯಲು ಶುರುಮಾಡುವ ಕಾಲವನ್ನು. ನೆಗೆಟಿವ್ ವರದಿಯನ್ನು ನಂಬಿ ಕೂರಬಹುದಾದ ದಿನ ಕೊನೆಯ ಸಂಖ್ಯೆಯದು. ಲ್ಯಾಬಿನ ನಾಲ್ಕನೇ ತಲೆಮಾರಿನ ಟೆಸ್ಟ್ ಸುಮಾರು 18ನೇ ದಿನದ ಹೊತ್ತಿಗೆ ಸೋಂಕಿತರಲ್ಲಿ ಅರ್ಧ ಜನರನ್ನು ಹಿಡಿಯುತ್ತದೆ; 24ನೇ ದಿನದ ಹೊತ್ತಿಗೆ ಮುಕ್ಕಾಲು ಪಾಲನ್ನು; 45ರ ಹೊತ್ತಿಗೆ 100ರಲ್ಲಿ 99 ಜನರನ್ನು. 18ನೇ ದಿನದ ನೆಗೆಟಿವ್‌ಗೂ 45ನೇ ದಿನದ ನೆಗೆಟಿವ್‌ಗೂ ಕಾಗದದ ಮೇಲೆ ಒಂದಕ್ಷರದ ವ್ಯತ್ಯಾಸವೂ ಕಾಣಿಸದು. ತೂಕದಲ್ಲಿ ಮಾತ್ರ ಅಜಗಜಾಂತರ.

ಹಾಗೆಂದು ಬೇಗ ಮಾಡಿಸಿದ ಟೆಸ್ಟ್ ಕಸಕ್ಕೆ ಸಮ ಎನ್ನುವುದೂ ತಪ್ಪೇ. ಹಂತ 2ರ ಸಂಖ್ಯೆಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ಸೋಂಕಿದ್ದು ಚಿಕಿತ್ಸೆ ಪಡೆಯದ ಗಂಡಸರೊಡನೆ ಕಾಂಡೋಮ್ ಇಲ್ಲದೆ ಒಮ್ಮೆ ಯೋನಿ ಸಂಭೋಗ ನಡೆದ 10,000 ಹೆಂಗಸರನ್ನು ತೆಗೆದುಕೊಳ್ಳಿ. ಸುಮಾರು 8 ಜನರಿಗೆ ಸೋಂಕು ತಗಲಿರುತ್ತದೆ. ಎಲ್ಲರಿಗೂ 24ನೇ ದಿನ ಲ್ಯಾಬಿನಲ್ಲಿ ಟೆಸ್ಟ್ ಮಾಡಿದರೆ ಆ 8ರಲ್ಲಿ 6 ಜನ ಸಿಗುತ್ತಾರೆ, 2 ಜನ ತಪ್ಪಿಸಿಕೊಳ್ಳುತ್ತಾರೆ. ಅಂದರೆ ನೆಗೆಟಿವ್ ಬಂದ 9,994 ಜನರಲ್ಲಿ ನಿಜಕ್ಕೂ ಸೋಂಕಿರುವವರು ಇಬ್ಬರು. 45ನೇ ದಿನ ಮತ್ತೆ ಮಾಡಿದರೆ ತಪ್ಪಿಸಿಕೊಳ್ಳುವವರು ಲಕ್ಷಕ್ಕೆ ಒಬ್ಬರಿಗಿಂತಲೂ ಕಡಿಮೆ. ಇವು ಸರಾಸರಿಯ ಮೇಲೆ ಮಾಡಿದ ಅಂದಾಜು, ಒಬ್ಬೊಬ್ಬರ ಹಣೆಬರಹ ಹೇಳುವ ಲೆಕ್ಕವಲ್ಲ. ಆದರೂ ಒಂದು ವಿಷಯ ಸ್ಪಷ್ಟ: 24ನೇ ದಿನದ ನೆಗೆಟಿವ್ ನಿಜವಾಗಿಯೂ ಸಮಾಧಾನ ಕೊಡಬೇಕಾದ ಸುದ್ದಿ. ಕೊನೆಯ ತೀರ್ಪು ಮಾತ್ರ ಅದಲ್ಲ.

ಹಂತ 6: ವೇಳಾಪಟ್ಟಿ ಹಾಕಿಕೊಳ್ಳಿ

ಪಿಇಪಿ ತೆಗೆದುಕೊಳ್ಳದವರಿಗೆ ನಾನು ಹೇಳುವ ಕ್ರಮ ಇಷ್ಟು. ಮೊದಲ ಕೆಲವು ದಿನಗಳಲ್ಲಿ ಒಂದು ಟೆಸ್ಟ್, ಹಿಂದಿನ ಸ್ಥಿತಿ ದಾಖಲಾಗಲಿ ಎಂದು. ನಾಲ್ಕನೇ ವಾರದ ಆಸುಪಾಸಿನಲ್ಲಿ ನರದ ರಕ್ತದಿಂದ ನಾಲ್ಕನೇ ತಲೆಮಾರಿನ ಲ್ಯಾಬ್ ಟೆಸ್ಟ್. 45 ದಿನ ತುಂಬಿದ ಮೇಲೆ ಅದೇ ಟೆಸ್ಟ್ ಇನ್ನೊಮ್ಮೆ. ಈ ಬಗೆಯ ಟೆಸ್ಟ್ ಸಿಗದಿದ್ದರೆ, ಇರುವುದು ಬೆರಳ ತುದಿಯ ಕಾರ್ಡೋ ಆಂಟಿಬಾಡಿ ಟೆಸ್ಟೋ ಆಗಿದ್ದರೆ, 90 ದಿನ ತುಂಬಿದ ಮೇಲೆ ಕೊನೆಯದು.

ಮೊದಲ ಎರಡು ವಾರಗಳಲ್ಲಿ ದಿನ ಬಿಟ್ಟು ದಿನ ಮಾಡಿಸುವ ಟೆಸ್ಟುಗಳಿಂದ ಹಣವೂ ನೆಮ್ಮದಿಯೂ ಹೋಗುತ್ತವೆ, ತಿಳಿವಳಿಕೆ ಏನೂ ಬರುವುದಿಲ್ಲ. ಐದು ಟೆಸ್ಟ್ ನೆಗೆಟಿವ್ ಬಂದರೆ ಐದು ಪಟ್ಟು ಖಾತ್ರಿ ಎಂಬ ಭಾವನೆ ಹುಟ್ಟುತ್ತದೆ. ಆದರೆ ಹತ್ತನೇ ದಿನದೊಳಗಿನ ಐದು ನೆಗೆಟಿವ್ ಸೇರಿದರೂ ಸರಿಯಾದ ದಿನದ ಒಂದಕ್ಕೆ ಸಾಟಿಯಾಗುವುದಿಲ್ಲ.

ನಾಟ್ ಮಾಡಿಸಬೇಕೇ? ಅಪಾಯ ನಿಜಕ್ಕೂ ದೊಡ್ಡದಾಗಿದ್ದು, ಜ್ವರದಂಥ ಲಕ್ಷಣಗಳೂ ಇದ್ದರೆ ಖಂಡಿತ ಹೌದು. ಬರೀ ಕಳವಳಕ್ಕೆ ಎಂದಾದರೆ ಹಿಂದೆಮುಂದೆ ನೋಡಿ. ಬೆಲೆ ಹೆಚ್ಚು, ಎಲ್ಲ ಕಡೆ ಸಿಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಕೆಲವೊಮ್ಮೆ ತೀರಾ ಕಡಿಮೆ ಸಂಖ್ಯೆಯ ವೈರಲ್ ಲೋಡ್ ತೋರಿಸಿ ಸೋಂಕಿಲ್ಲದವರನ್ನೂ ಗಾಬರಿಗೊಳಿಸುತ್ತದೆ. ಹೊಸ ಸೋಂಕು ಉಚ್ಛ್ರಾಯದಲ್ಲಿರುವಾಗ ಮಿಲಿಲೀಟರಿಗೆ ವೈರಸ್ಸಿನ ಲಕ್ಷಗಟ್ಟಲೆ ಪ್ರತಿಗಳು ಸಾಮಾನ್ಯ. ನೂರರ ಲೆಕ್ಕದ ಸಂಖ್ಯೆ ಬಂದರೆ ಹೊಸದಾಗಿ ರಕ್ತ ಕೊಟ್ಟು ಮತ್ತೆ ನೋಡಬೇಕು. ಇನ್ನೊಂದು: ಸಾಮಾನ್ಯವಾಗಿ ಬಳಸುವ ವೈರಲ್ ಲೋಡ್ ಟೆಸ್ಟುಗಳು ಎಚ್‌ಐವಿ-1ಕ್ಕಾಗಿ ಮಾಡಿದವು. ಮುಖ್ಯವಾಗಿ ಪಶ್ಚಿಮ ಆಫ್ರಿಕಾದಲ್ಲಿ ಕಾಣುವ ಎಚ್‌ಐವಿ-2 ಅವುಗಳಿಗೆ ಸಿಗುವುದಿಲ್ಲ. ಆದ್ದರಿಂದ ನಾಟ್ ನೆಗೆಟಿವ್ ಬಂದರೂ 45ನೇ ದಿನದ ಸಾಮಾನ್ಯ ಟೆಸ್ಟನ್ನು ಬಿಡುವಂತಿಲ್ಲ.

ಹಂತ 7: ವರದಿ ಓದುವುದು

ನಾನ್ ರಿಯಾಕ್ಟಿವ್ ಎಂದರೆ ಟೆಸ್ಟಿಗೆ ಏನೂ ಸಿಗಲಿಲ್ಲ ಎಂದು. ಅದರ ತೂಕವನ್ನು ಹಂತ 5ರ ಪಟ್ಟಿಯಿಂದ ಅಳೆಯಿರಿ.

ಯಂತ್ರದ ವರದಿಯಲ್ಲಿ ಅದರ ಪಕ್ಕ ಒಂದು ಸಂಖ್ಯೆ ಇರುತ್ತದೆ: 0.08, 0.21, 0.35 ಹೀಗೆ. ಯಂತ್ರ ಅಳೆದ ಸಂಕೇತವನ್ನು ಆ ಟೆಸ್ಟಿನ ಗಡಿ ಮೌಲ್ಯದಿಂದ ಭಾಗಿಸಿ ಬಂದದ್ದು ಅದು. ಸಾಮಾನ್ಯವಾಗಿ 1.0ಕ್ಕಿಂತ ಕೆಳಗಿದ್ದರೆ ನಾನ್ ರಿಯಾಕ್ಟಿವ್, ಅದರಿಂದ ಮೇಲಿದ್ದರೆ ರಿಯಾಕ್ಟಿವ್. ಹೋದ ಸಲ 0.12 ಇದ್ದದ್ದು ಈ ಸಲ 0.27 ಆಗಿದೆ, ಸೋಂಕು ಬೆಳೆಯುತ್ತಿದೆಯೇ ಎಂದು ನಿದ್ದೆಗೆಟ್ಟವರು ಎಷ್ಟೋ ಜನ. ಗಡಿಯಿಂದ ಇಷ್ಟು ಕೆಳಗಿನ ಏರಿಳಿತಕ್ಕೆ ಯಾವ ಅರ್ಥವೂ ಇಲ್ಲ. ಯಂತ್ರ, ರಾಸಾಯನಿಕದ ಬ್ಯಾಚು, ಆ ದಿನದ ಮಾದರಿ ಇವುಗಳಿಂದ ಅದು ಅಲುಗಾಡುತ್ತಲೇ ಇರುತ್ತದೆ. ಎರಡು ಲ್ಯಾಬುಗಳ ಸಂಖ್ಯೆಯನ್ನು ಹೋಲಿಸುವುದಂತೂ ಅರ್ಥವಿಲ್ಲದ ಕೆಲಸ. ಈ ಸಂಖ್ಯೆಯನ್ನು ವರದಿಯಲ್ಲಿ ಮುದ್ರಿಸದೇ ಇದ್ದರೆ ಎಷ್ಟೋ ಮನೆಗಳಲ್ಲಿ ನೆಮ್ಮದಿ ಇರುತ್ತಿತ್ತು ಎಂದು ನನಗನ್ನಿಸುತ್ತದೆ.

ರಿಯಾಕ್ಟಿವ್ ಬಂದರೆ? ಒಂದೇ ಟೆಸ್ಟ್ ರಿಯಾಕ್ಟಿವ್ ಆದ ಮಾತ್ರಕ್ಕೆ ಎಚ್‌ಐವಿ ಇದೆ ಎಂದಾಗುವುದಿಲ್ಲ. ಒಂದು ಲೆಕ್ಕ ನೋಡಿ. 10,000 ಜನರಲ್ಲಿ 20 ಜನರಿಗೆ ಸೋಂಕು ಇದೆ, ಟೆಸ್ಟ್ ಸೋಂಕಿಲ್ಲದವರಲ್ಲಿ 99.8 ಶೇಕಡಾ ಜನರನ್ನು ಸರಿಯಾಗಿ ನಾನ್ ರಿಯಾಕ್ಟಿವ್ ಎಂದು ತೋರಿಸುತ್ತದೆ ಎಂದುಕೊಳ್ಳೋಣ. ಆ 20 ಜನರೂ ರಿಯಾಕ್ಟಿವ್ ಆಗುತ್ತಾರೆ. ಉಳಿದ 9,980 ಜನರಲ್ಲೂ ಸುಮಾರು 20 ಜನ ತಪ್ಪಾಗಿ ರಿಯಾಕ್ಟಿವ್ ಆಗುತ್ತಾರೆ. ಅಷ್ಟು ಒಳ್ಳೆಯ ಟೆಸ್ಟಿನಲ್ಲೂ ಮೊದಲ ಸುತ್ತಿನ ರಿಯಾಕ್ಟಿವ್‌ಗಳಲ್ಲಿ ಅರ್ಧ ಸುಳ್ಳು! ಆದ್ದರಿಂದಲೇ ವಿಶ್ವ ಆರೋಗ್ಯ ಸಂಸ್ಥೆ 2019ರಿಂದ, ಒಂದರ ನಂತರ ಒಂದರಂತೆ ಮೂರು ಬೇರೆ ಬೇರೆ ಟೆಸ್ಟುಗಳು ರಿಯಾಕ್ಟಿವ್ ಆದರೆ ಮಾತ್ರ ಎಚ್‌ಐವಿ ಪಾಸಿಟಿವ್ ಎಂದು ಹೇಳಬೇಕು ಎನ್ನುತ್ತಿದೆ.

ಹೊಸ ಸೋಂಕಿನಲ್ಲಿ ಇದಕ್ಕೆ ಒಂದು ತೊಡಕಿದೆ. ವೈದ್ಯರಿಗೂ ಇದು ಕೆಲವೊಮ್ಮೆ ತಟ್ಟನೆ ಹೊಳೆಯುವುದಿಲ್ಲ. ನಾಲ್ಕನೇ ತಲೆಮಾರಿನ ಟೆಸ್ಟ್ ಪಿ24ನಿಂದಾಗಿ ರಿಯಾಕ್ಟಿವ್ ಆಗಿರಬಹುದು, ಪ್ರತಿಕಾಯ ಇನ್ನೂ ಹುಟ್ಟಿರುವುದಿಲ್ಲ. ಖಚಿತಪಡಿಸಲು ಮಾಡಿದ ಎರಡನೇ ಟೆಸ್ಟ್ ಪ್ರತಿಕಾಯವನ್ನಷ್ಟೇ ನೋಡುವುದಾದರೆ ನೆಗೆಟಿವ್ ಬರುತ್ತದೆ. "ಮೊದಲನೆಯದು ತಪ್ಪು, ಹೋಗಿ ಬನ್ನಿ" ಎಂದು ಅಲ್ಲಿಗೇ ಮುಗಿಸುವ ಹಾಗಿಲ್ಲ. ಇತ್ತೀಚೆಗೆ ಅಪಾಯಕ್ಕೆ ಒಡ್ಡಿಕೊಂಡಿದ್ದರೆ ಈ ಹಂತದಲ್ಲಿ ನಾಟ್ ಮಾಡಿಸಲೇಬೇಕು. ಅದಕ್ಕೆ ಅತ್ಯಂತ ಸರಿಯಾದ ಜಾಗವಿದ್ದರೆ ಇದೇ. ಘಟನೆ ನಡೆದ ದಿನಾಂಕವನ್ನು ವೈದ್ಯರಿಗೆ ನೀವಾಗಿಯೇ ಹೇಳಿ. ಹೇಳದಿದ್ದರೆ ಅವರಿಗೆ ಈ ಸಾಧ್ಯತೆ ಹೊಳೆಯದೇ ಹೋಗಬಹುದು.

ಹಂತ 8: ಎಣಿಕೆ ಬದಲಾಗುವ ಸಂದರ್ಭಗಳು

ಪಿಇಪಿ ತೆಗೆದುಕೊಂಡವರಿಗೆ ಮೇಲಿನ ವೇಳಾಪಟ್ಟಿ ಒಪ್ಪುವುದಿಲ್ಲ. ಔಷಧ ಸೋಂಕನ್ನು ಪೂರ್ತಿ ತಡೆಯದೆ ಬರೀ ಅದುಮಿಟ್ಟಿದ್ದರೆ ಆರ್‌ಎನ್‌ಎ, ಪಿ24, ಪ್ರತಿಕಾಯ ಎಲ್ಲವೂ ತಡವಾಗಿ ತಲೆಯೆತ್ತುತ್ತವೆ. ಬ್ರಿಟನ್ನಿನ ಮಾರ್ಗಸೂಚಿ ಪಿಇಪಿ ಮುಗಿದ ದಿನದಿಂದ ಕನಿಷ್ಠ 45 ದಿನ ಎನ್ನುತ್ತದೆ. 28 ದಿನದ ಔಷಧ ಸೇರಿಸಿದರೆ ಘಟನೆಯಿಂದ 73 ದಿನವಾಯಿತು. ಸಿಡಿಸಿ 4ರಿಂದ 6 ವಾರಕ್ಕೆ ಒಮ್ಮೆ, 12 ವಾರಕ್ಕೆ ಇನ್ನೊಮ್ಮೆ, ಎರಡು ಸಲವೂ ಲ್ಯಾಬ್ ಟೆಸ್ಟಿನ ಜೊತೆಗೆ ನಾಟ್ ಎನ್ನುತ್ತದೆ. ಯಾವುದನ್ನು ಪಾಲಿಸಿದರೂ ಮಾತ್ರೆ ನಡೆಯುತ್ತಿರುವಾಗ ಬಂದ ನೆಗೆಟಿವ್ ಅನ್ನು ಕೊನೆಯದೆಂದು ಭಾವಿಸಬೇಡಿ.

ಮೊದಲೇ ಸೋಂಕು ತಡೆಯಲು ಪ್ರೆಪ್ ತೆಗೆದುಕೊಳ್ಳುತ್ತಿರುವವರ ವಿಷಯದಲ್ಲೂ ಹೀಗೆಯೇ. ಅದರಲ್ಲೂ ತಿಂಗಳುಗಟ್ಟಲೆ ಪರಿಣಾಮ ಉಳಿಯುವ ಕ್ಯಾಬೊಟೆಗ್ರಾವಿರ್ ಚುಚ್ಚುಮದ್ದು ಪಡೆಯುವವರಲ್ಲಿ ಅಪರೂಪಕ್ಕೆ ಸೋಂಕು ತಗಲಿದರೆ ಅದರ ಗುರುತುಗಳು ಬಹಳ ಕಾಲ ಮಂಕಾಗಿರಬಹುದು. ಇವರ ಟೆಸ್ಟಿನ ಕ್ರಮವನ್ನು ಔಷಧ ಕೊಡುವ ವೈದ್ಯರೇ ನಿರ್ಧರಿಸಬೇಕು. ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧ ಅಥವಾ ಕ್ಯಾನ್ಸರಿನ ಕೀಮೋ ಪಡೆಯುತ್ತಿರುವವರಲ್ಲೂ ಪ್ರತಿಕಾಯ ತಡವಾಗಬಹುದು; ಅದನ್ನೂ ಮುಂಚಿತವಾಗಿ ತಿಳಿಸಿ. ಸೋಂಕಿರುವ ತಾಯಿಗೆ ಹುಟ್ಟಿದ ಮಗುವಿನಲ್ಲಿ ತಾಯಿಯ ಪ್ರತಿಕಾಯಗಳೇ 18 ತಿಂಗಳವರೆಗೂ ಉಳಿದಿರಬಹುದಾದ್ದರಿಂದ ಅಲ್ಲಿ ಆಂಟಿಬಾಡಿ ಟೆಸ್ಟಿನಿಂದ ತೀರ್ಮಾನ ಸಾಧ್ಯವಿಲ್ಲ, ವೈರಸ್ಸನ್ನೇ ಹುಡುಕಬೇಕು.

ನೆಗಡಿ, ಮದ್ಯ, ಟೆಸ್ಟಿಗೆ ಮುಂಚೆ ತಿಂದ ಊಟ, ತಲೆನೋವಿನ ಮಾತ್ರೆ ಇವು ಯಾವುವೂ ವಿಂಡೋ ಪೀರಿಯಡ್ಡನ್ನು ಉದ್ದ ಮಾಡುವುದಿಲ್ಲ.

ಹಂತ 9: ಲಕ್ಷಣಗಳನ್ನು ಟೆಸ್ಟಿನ ಜಾಗದಲ್ಲಿ ಕೂರಿಸಬೇಡಿ

ಸೋಂಕು ತಗಲಿದ 2ರಿಂದ 4 ವಾರದೊಳಗೆ ಹಲವರಿಗೆ ಜ್ವರ, ಗಂಟಲುನೋವು, ಮೈಮೇಲೆ ಗುಳ್ಳೆ, ಕುತ್ತಿಗೆಯಲ್ಲಿ ಗಂಟು, ಮೈಕೈ ನೋವು ಬರುತ್ತದೆ. ಇನ್ನು ಕೆಲವರಿಗೆ ಏನೂ ಆಗುವುದಿಲ್ಲ. ಇದೇ ಲಕ್ಷಣಗಳು ಫ್ಲೂ, ಡೆಂಗಿ, ಕೋವಿಡ್ ಎಲ್ಲದರಲ್ಲೂ ಇವೆ. ಲಕ್ಷಣ ಬಂದರೆ ಸೋಂಕು ಖಚಿತ ಎನ್ನುವಂತಿಲ್ಲ, ಬರಲಿಲ್ಲವೆಂದರೆ ಪಾರಾದೆವು ಎನ್ನುವಂತೆಯೂ ಇಲ್ಲ. ಆದರೆ ಅಪಾಯದ ಘಟನೆಯೊಂದು ನಡೆದು ಮೂರನೇ ವಾರದಲ್ಲಿ ಜೋರು ಜ್ವರ ಬಂದರೆ ಅದನ್ನು ಸುಮ್ಮನೆ ಬಿಡಬೇಡಿ. ನಾಲ್ಕನೇ ತಲೆಮಾರಿನ ಟೆಸ್ಟ್ ಮತ್ತು ನಾಟ್ ಎರಡನ್ನೂ ಒಟ್ಟಿಗೆ ಮಾಡಿಸಿ. ಜ್ವರ ಎಚ್‌ಐವಿಯದೇ ಆಗಿದ್ದರೆ ಆ ಹೊತ್ತಿಗೆ ವೈರಸ್ ರಕ್ತದಲ್ಲಿ ಹೇರಳವಾಗಿರುತ್ತದೆ, ನಾಟ್‌ಗೆ ತಪ್ಪದೆ ಸಿಗುತ್ತದೆ.

ಹಂತ 10: ಕಾಯುವ ದಿನಗಳಲ್ಲಿ

ಟೆಸ್ಟ್ ನೆಗೆಟಿವ್ ಬರುತ್ತಿರುವ ಮೊದಲ ವಾರಗಳಲ್ಲಿಯೇ ವೈರಸ್ ರಕ್ತದಲ್ಲಿ ಅತಿ ಹೆಚ್ಚು ಇರಬಹುದು, ಇತರರಿಗೆ ದಾಟುವ ಅಪಾಯವೂ ಆಗಲೇ ದೊಡ್ಡದು. ಕೊನೆಯ ವರದಿ ಬರುವವರೆಗೆ ಕಾಂಡೋಮ್ ಬಳಸಿ. ರಕ್ತದಾನ ಮಾಡಬೇಡಿ. ಪುಕ್ಕಟೆಯಾಗಿ ಟೆಸ್ಟ್ ಆಗುತ್ತದೆಂದು ರಕ್ತದಾನ ಶಿಬಿರಕ್ಕೆ ಹೋಗುವವರಿದ್ದಾರೆ. ಇದು ತೀರಾ ಅಪಾಯದ ಕೆಲಸ, ಏಕೆಂದರೆ ವಿಂಡೋ ಪೀರಿಯಡ್ಡಿನ ರಕ್ತ ತಪಾಸಣೆಯನ್ನು ದಾಟಿ ರೋಗಿಯೊಬ್ಬರ ಮೈಸೇರಬಹುದು. ಎದೆಹಾಲು ಕುಡಿಸುತ್ತಿರುವ ತಾಯಂದಿರು ವೈದ್ಯರಿಗೆ ವಿಷಯ ತಿಳಿಸಿ ಮುಂದಿನದನ್ನು ಕೇಳಿಕೊಳ್ಳಲಿ.

ಎಚ್‌ಐವಿಯ ಭಯದಲ್ಲಿ ಮರೆತೇ ಹೋಗುವ ಇತರ ಸೋಂಕುಗಳೂ ಇವೆ, ಅವು ತಗಲುವ ಸಾಧ್ಯತೆ ಎಷ್ಟೋ ವೇಳೆ ಇದಕ್ಕಿಂತ ಹೆಚ್ಚು. ಗೊನೊರಿಯಾ, ಕ್ಲಮೈಡಿಯಾಗಳಿಗೆ ಎರಡು ವಾರದ ನಂತರ ಟೆಸ್ಟ್ ಮಾಡಿಸಿ. ಸಿಫಿಲಿಸ್‌ಗೆ ಆರಂಭದಲ್ಲೊಮ್ಮೆ, 12 ವಾರಕ್ಕೊಮ್ಮೆ. ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡಿಲ್ಲದಿದ್ದರೆ ಘಟನೆಯಾದ ಕೂಡಲೇ ಹಾಕಿಸಿಕೊಂಡರೂ ಉಪಯೋಗವಿದೆ, ಅದನ್ನು ಮೊದಲ ಭೇಟಿಯಲ್ಲೇ ಕೇಳಿ. ಸೂಜಿಯ ವಿಷಯವಾದರೆ ಹೆಪಟೈಟಿಸ್ ಸಿ ಕೂಡ ಪಟ್ಟಿಯಲ್ಲಿರಲಿ.

ಹಂತ 11: ಎಲ್ಲಿ ನಿಲ್ಲಿಸಬೇಕು?

ಪಿಇಪಿ, ಪ್ರೆಪ್ ಇಲ್ಲ. ಕೊನೆಯ ಘಟನೆಯಿಂದ 45 ದಿನ ತುಂಬಿದೆ. ನರದ ರಕ್ತದ ನಾಲ್ಕನೇ ತಲೆಮಾರಿನ ಲ್ಯಾಬ್ ಟೆಸ್ಟ್ ನಾನ್ ರಿಯಾಕ್ಟಿವ್. ಅಥವಾ 90 ದಿನ ತುಂಬಿದೆ. ರಕ್ತದ ಯಾವುದೇ ಅನುಮೋದಿತ ಟೆಸ್ಟ್ ನಾನ್ ರಿಯಾಕ್ಟಿವ್. ಇಷ್ಟಾದರೆ ಆ ಘಟನೆಯ ಲೆಕ್ಕ ಮುಗಿಯಿತು. ಹಲವು ವೈದ್ಯರು 45ರ ನಂತರವೂ 90ಕ್ಕೆ ಇನ್ನೊಂದು ಮಾಡಿಸಿ ಎನ್ನುತ್ತಾರೆ. ದೊಡ್ಡ ಅಪಾಯವಿದ್ದವರಿಗೆ ಅದು ಸರಿಯಾದ ಸಲಹೆಯೇ. ಅದರಾಚೆ, ನಾಲ್ಕನೇ ತಿಂಗಳು, ಆರನೇ ತಿಂಗಳು, ಒಂದು ವರ್ಷ ಎಂದು ಮಾಡಿಸುತ್ತಲೇ ಹೋಗುವುದಕ್ಕೆ ವೈರಸ್ ಕಾರಣವಲ್ಲ, ಆತಂಕ ಕಾರಣ. ವರದಿ ಬಂದ ಎರಡು ದಿನಕ್ಕೇ ಮತ್ತೆ ಅನುಮಾನ ಕಾಡುತ್ತಿದ್ದರೆ ಲ್ಯಾಬಿಗೆ ಹೋಗುವ ಬದಲು ಆಪ್ತಸಮಾಲೋಚಕರನ್ನು ಕಾಣಿ, ಆ ಆತಂಕಕ್ಕೂ ಚಿಕಿತ್ಸೆ ಇದೆ.

ಅಪಾಯದ ಸಂದರ್ಭಗಳು ಪದೇಪದೇ ಎದುರಾಗುವವರಿಗೆ ಈ ಎಣಿಕೆ ಎಂದೂ ಮುಗಿಯದು, ಪ್ರತಿ ಸಲವೂ ಸೊನ್ನೆಯಿಂದ ಶುರುಮಾಡಬೇಕಾಗುತ್ತದೆ. ಅಂಥವರು ಪ್ರೆಪ್ ಬಗ್ಗೆ ವೈದ್ಯರೊಡನೆ ಮಾತಾಡಿ, ಮೂರು ತಿಂಗಳಿಗೊಮ್ಮೆ ಟೆಸ್ಟ್ ಮಾಡಿಸುವ ಪದ್ಧತಿ ಇಟ್ಟುಕೊಳ್ಳುವುದು ಒಳ್ಳೆಯದು.